ಹನುಮಮ್ಮನ ಕೌದಿ ಸೂಜಿ

ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಗೋಪಾಲಕೃಷ್ಣರಾಯರು ಪಡಸಾಲೆಯ ಕುರ್ಚಿಯಲ್ಲಿ ತುಳಸಿಮಣಿ ಹಿಡಿದು ಕುಳಿತಿದ್ದ ಹೊತ್ತಿಗೆ ಸುಮಂಗಲಾ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಅವಳ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಎಳೆಗೂಸನ್ನು ಹಿಡಿದ ಹಾಗೆ ಅದನ್ನು ಎದೆಗೆ ಒತ್ತಿ ಹಿಡಿದಿದ್ದಳು.

ರಾಯರು ಬಳ್ಳಾರಿಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆ ನೋಡಿಕೊಂಡಿದ್ದ ಕಾಲದಲ್ಲಿ ಅವಳು ಅವರ ವಿದ್ಯಾರ್ಥಿನಿ. ಈಗ ಬ್ರೂಸ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಯಂತ್ರಗಳ ಬೋರ್ಡು ರಿಪೇರಿ ಮಾಡುತ್ತಿದ್ದಳು. ದಿನವೂ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೇ ಹಿಂದಿರುಗುವಳು.

"ಸರ್, ನಾನು ಕೆಲಸ ಹೇಳಾಕ ಬಂದಿಲ್ಲ. ಒಂದು ಮಾತು ಕೇಳಾಕ ಬಂದೀನಿ," ಎಂದಳು.

"ಕೆಲಸ ಹೇಳಾಕ ಬಂದವರೆಲ್ಲಾ ಹಿಂಗ ಶುರು ಮಾಡ್ತಾರ. ಕೂಡು," ಎಂದರು ರಾಯರು. ಒಳಗಿನಿಂದ ಸೊಸೆ ವರದಾ ನೀರು ತಂದುಕೊಟ್ಟಳು.

ಟವೆಲು ಬಿಚ್ಚಿದಾಗ ಒಳಗೊಂದು ಹಸಿರು ಬೋರ್ಡು. ಸಿರುಗುಪ್ಪದ ಹೊನ್ನೂರಪ್ಪನ ಅಕ್ಕಿ ಗಿರಣಿಯದು. ಗಿರಣಿಯಲ್ಲಿ ಅಕ್ಕಿ ಆರಿಸುವ ಯಂತ್ರವೊಂದಿತ್ತು. ಅದರೊಳಗಿನ ಕ್ಯಾಮೆರಾ ಜಾರುವ ಒಂದೊಂದು ಕಾಳನ್ನೂ ನೋಡಿ, ಕಪ್ಪು ಕಾಳು ಕಂಡರೆ ಗಾಳಿ ಊದಿ ಪಕ್ಕಕ್ಕೆ ಹಾಕುತ್ತಿತ್ತು. ಈಗ ಆ ಯಂತ್ರಕ್ಕೆ ಮಧ್ಯಾಹ್ನದ ಬಿಸಿ ಏರುತ್ತಲೇ ಬುದ್ಧಿ ಕೆಡುತ್ತಿತ್ತು. ಒಳ್ಳೆಯ ಅಕ್ಕಿಯನ್ನೂ ಊದಿ ಎಸೆಯುತ್ತಿತ್ತು. ಬೇರೆ ರಿಪೇರಿಯವರು ನೋಡಿ ಕೈಬಿಟ್ಟಿದ್ದರು. ಹೊಸ ಭತ್ತ ಬರುವ ಸೋಮವಾರದೊಳಗೆ ಸರಿ ಮಾಡಿಕೊಟ್ಟರೆ ಅಲ್ಲಿಯ ಗಿರಣಿಗಳ ಕೆಲಸವೆಲ್ಲ ಸುಮಂಗಲಾಗೆ. ಆಗದಿದ್ದರೆ "ಆ ಹುಡುಗಿ ಕೈಲೂ ಆಗಲಿಲ್ಲ" ಎಂಬ ಮಾತು ಸಂತೆಯಲ್ಲೆಲ್ಲ ಹರಡುವುದು. ಮಹಡಿಯ ಮೇಲಿನ ಆ ಅಂಗಡಿ ಉಳಿಯುವುದೂ ಮುಚ್ಚುವುದೂ ಈ ಬೋರ್ಡಿನ ಮೇಲೆಯೇ ನಿಂತಿತ್ತು.

"ಇದರ ತಾಳ ಹಿಡಿಯೋ ಕ್ರಿಸ್ಟಲ್ ಇದು ಸರ್," ಎಂದು ಬೆಳ್ಳಿಯ ಬಣ್ಣದ ಸಣ್ಣ ಡಬ್ಬಿಯಂಥದನ್ನು ತೋರಿಸಿದಳು. "ಬದಲಿ ಮಾಡಿ ನೋಡಿದೆ, ಹಂಗೇ ಐತಿ. ಒಳಗ ಏನಾಗತೈತಿ ನೋಡೋಣಂತ ಸ್ಕೋಪಿನ ಪ್ರೋಬ್ ಹಚ್ಚಿದ್ರ, ತಣ್ಣಗಿದ್ದಾಗ್ಲೂ ಗೆರಿ ಮಲಗಿಬಿಡ್ತೈತಿ. ತೆಗದ್ರ ಮತ್ತ ಎದ್ದು ಕುಂದರ್ತೈತಿ. ನಾನು ಮುಟ್ಟಿದ್ದಕ್ಕ ಸಾಯ್ತೈತೋ, ತನ್ನ ರೋಗಕ್ಕ ಸಾಯ್ತೈತೋ, ಒಂದೂ ತಿಳೀವಲ್ದು."

ರಾಯರ ಬೆರಳು ಮಣಿಯ ಮೇಲೆ ನಿಂತಿತು.

ಪ್ರೋಬ್ ಎಂಬ ಕಡ್ಡಿಯ ತುದಿ ತಾಗಿಸಿದಲ್ಲಿ ವಿದ್ಯುತ್ತಿನ ಓಟವನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಆಸಿಲೋಸ್ಕೋಪ್ ಅವರ ಮನೆಯಲ್ಲಿಯೂ ಒಂದಿತ್ತು. ಅದಕ್ಕೆ ಬಟ್ಟೆ ಹೊದಿಸಿ ವರ್ಷವಾಗುತ್ತ ಬಂದಿತ್ತು. ಹೆಂಡತಿ ಸರಸ್ವತಿಬಾಯಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ತಲೆಯ ಬದಿಗೆ ಅಂಥದೇ ಒಂದು ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಒಂದು ಏಕಾದಶಿಯ ಬೆಳಗ್ಗೆ ರಾಯರು ಅದನ್ನೇ ನೋಡುತ್ತ ಕುಳಿತಿದ್ದಾಗ ಅದು ಮಲಗಿತು. ಮತ್ತೆ ಏಳಲಿಲ್ಲ. ಶ್ರೀಹರಿಯ ಚಿತ್ತ ಎಂದು ಬಂದವರೆಲ್ಲ ಹೇಳಿದರು. ರಾಯರೂ ಹಾಗೆಂದೇ ನಂಬಿದವರು. ಆದರೆ ನಂಬಿದ ಮಾತ್ರಕ್ಕೆ ಓಡುವ ಗೆರೆಯನ್ನು ನೋಡುವ ಧೈರ್ಯ ಬರಲಿಲ್ಲ.

ಆದರೂ ಮಾತು ಅವರನ್ನು ಕೇಳದೆಯೇ ಹೊರಗೆ ಬಂತು. "ಅದು ಪ್ರೋಬಿನ ಭಾರ, ಸುಮಂಗಲಾ. ಕ್ರಿಸ್ಟಲ್ ಅಂಬೋದು ಬಡಕಲು ಜೀವ. ನಮ್ಮ ಸಾದಾ ಪ್ರೋಬ್ ಮುಟ್ಟಿದ ಕೂಡಲೆ ಅದರ ಹೆಗಲ ಮ್ಯಾಲೆ ಒಂದು ಮೂಟೆ ಇಟ್ಟಾಂಗ. ಅದು ನಿಂತುಬಿಡ್ತದ."

ಹೇಳಿದ ಮೇಲೆ ರಾಯರಿಗೆ ತಮ್ಮ ಈ ವರ್ಷವೇ ನೆನಪಾಯಿತು. ಸಂತೈಸಲು ಬಂದವರು ಒಳ್ಳೆಯ ಮನಸ್ಸಿನವರೇ. ಕೈ ಹಿಡಿದು, "ಹೆಂಗ ಅದೀರಿ ರಾಯರ?" ಎಂದು ಕೇಳಿದ ಕೂಡಲೇ ಬೆಳಗಿನಿಂದ ಹೇಗೋ ನಡೆದಿದ್ದದ್ದು ಒಳಗೆ ನಿಂತುಹೋಗುತ್ತಿತ್ತು. ಅವರು ಎದ್ದುಹೋದ ಮೇಲೆ ಮತ್ತೆ ಮೊದಲಿನಿಂದ ನಡೆಸಬೇಕಾಗುತ್ತಿತ್ತು.

"ಭಾರ ಹಾಕದ ಪ್ರೋಬ್ ಇರ್ತಾವಲ್ರಿ, ಆಕ್ಟಿವ್ ಪ್ರೋಬ್," ಎಂದಳು ಸುಮಂಗಲಾ. "ಅಂಗಡ್ಯಾಗ ನನ್ನ ಸ್ಕೋಪಿಗಿಂತ ದುಬಾರಿ. ಮನ್ಯಾಗ ಮಾಡಾಕ ಬರ್ತೈತೇನು, ಅದನ್ನ ಕೇಳಾಕ ಬಂದೆ."

"ಬರ್ತದ," ಎಂದರು ರಾಯರು. "ತುದಿಯೊಳಗ ಒಂದು ಸಣ್ಣ ಟ್ರಾನ್ಸಿಸ್ಟರ್ ಕೂಡಿಸಬೇಕು. ಅದು ಆ ಕಡೆಯಿಂದ ಏನೂ ಕೇಳಂಗಿಲ್ಲ, ಸುಮ್ಮನ ನೋಡ್ತದ. ನೋಡಿದ್ದನ್ನ ತನ್ನ ಸ್ವಂತ ಬ್ಯಾಟರಿ ಬಲದ ಮ್ಯಾಲೆ ಸ್ಕೋಪಿಗೆ ಹೇಳ್ತದ."

"ನೀವು ಕೂಡ ಕೂತ್ರ ಆಕ್ಕತಿ."

"ನಾನ್ಯಾಕವಾ? ಕೈ ನಡುಗ್ತಾವ."

ವರದಾ ಲೋಟ ತೆಗೆದುಕೊಳ್ಳಲು ಬಂದವಳು, "ಹೋಗ್ರಿ ಮಾವಯ್ಯ," ಎಂದಳು. "ಮಣಿ ಎಣಿಸುವಾಗ ನಡುಗೋದಿಲ್ಲ, ಕೆಲಸ ಅಂದಕೂಡ್ಲೆ ನಡುಗ್ತಾವೇನು? ಅತ್ತಿ ಇದ್ದಿದ್ರ ಇಷ್ಟೊತ್ತಿಗೆ ಕೋಲು ತಗೊಂಡು ಎಬ್ಬಿಸ್ತಿದ್ರು."

ಕೋಲು ಅಡುಗೆಮನೆಯ ಮೂಲೆಯಲ್ಲಿ ಇನ್ನೂ ನಿಂತೇ ಇತ್ತು. ಮಡಿ ಸೀರೆಯನ್ನು ಮೇಲಿನ ಹಗ್ಗಕ್ಕೆ ಏರಿಸಲೂ ಇಳಿಸಲೂ ಸರಸ್ವತಿಬಾಯಿ ಇಟ್ಟುಕೊಂಡಿದ್ದ ಬಿದಿರು ಕೋಲು. ಮಡಿ ಉಟ್ಟರೆಂದರೆ ಊಟ ಬಡಿಸಿ ಮುಗಿಯುವ ತನಕ ಗಂಡನಿರಲಿ ಮಗನಿರಲಿ ಅವರನ್ನು ಮುಟ್ಟುವಂತಿಲ್ಲ. ರಾಯರು ಸಂಸಾರ ಹೂಡಿದ ಕಾಲದಿಂದ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತು ಮಾತಾಡಿದವರು.

ಅವರು ಜಪಮಣಿಯನ್ನು ಚೀಲಕ್ಕೆ ಹಾಕಿ ಎದ್ದರು.

ಮರುದಿನದಿಂದ ಕೆಲಸ ನಡೆಯಿತು. ಬೆಳಗ್ಗೆ ಪೂಜೆಯಾದ ಕೂಡಲೇ ರಾಯರು ಬ್ರೂಸ್‌ಪೇಟೆಗೆ ಬರುವರು. ಪಾತ್ರೆ ಬಡಿಯುವ ಸದ್ದಿನ ನಡುವೆ ಮೆಟ್ಟಿಲು ಹತ್ತುವರು. ಹೆಬ್ಬೆರಳ ಅಗಲದ ತಾಮ್ರದ ಹಾಳೆಯ ಮೇಲೆ ಟ್ರಾನ್ಸಿಸ್ಟರು, ಸಾಸಿವೆಯಷ್ಟಿರುವ ಬಿಡಿಭಾಗಗಳು, ಹಿಂದಕ್ಕೆ ಒಂದು ತೆಳ್ಳನೆಯ ಕೇಬಲ್ಲು. ಬೆಸುಗೆಯ ಕಡ್ಡಿ ಹಿಡಿದಾಗ ರಾಯರ ಕೈ ಮೊದಲು ನಡುಗಿತು, ಆಮೇಲೆ ತನ್ನ ಹಳೆಯ ವಿದ್ಯೆ ನೆನಪಾಗಿ ಸುಮ್ಮನಾಯಿತು. ಸ್ಕೋಪಿನ ಪರದೆಯನ್ನು ಮಾತ್ರ ಅವರು ನೋಡುತ್ತಿರಲಿಲ್ಲ. "ಏನು ತೋರಸ್ತದ, ಹೇಳು," ಎಂದು ಸುಮಂಗಲಾಗೇ ಕೇಳುವರು. ಅವಳು ಕಾರಣ ಕೇಳಲಿಲ್ಲ, ಓದಿ ಹೇಳುವಳು.

ಮುಟ್ಟುವ ತುದಿಗೆ ಚೂಪಾದ, ಗಟ್ಟಿಯಾದ ಏನಾದರೂ ಬೇಕಾಯಿತು. ಪೇಟೆಯಿಂದ ತಂದ ಸೂಜಿಗಳು ಬಾಗಿದವು. ಸುಮಂಗಲಾ ಕುರುಗೋಡಿನಿಂದ ಒಂದು ಸೂಜಿ ತಂದಳು. ಅವಳ ತಾಯಿ ಹನುಮಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವವಳು. ಅವಳ ಕೈಯಲ್ಲಿ ಸವೆದು ನುಣುಪಾದ ಸೂಜಿ ಅದು.

"ಅವ್ವಗ ಹೇಳಿ ತಂದೀಯಿಲ್ಲೋ?"

"ಹೇಳಿದ್ರ ಕೊಡ್ತಿದ್ಲೇನ್ರಿ? ಮಗಳನ್ನ ಬೇಕಾದ್ರ ಕೊಟ್ಟಾಳು, ಸೂಜಿ ಕೊಡಾಕಿಯಲ್ಲ."

ಸೂಜಿ ಕೂಡಿಸಿದ ದಿನ ಸಂಜೆ ಪ್ರೋಬ್ ಕೆಲಸ ಮಾಡಿತು. ಸುಮಂಗಲಾ ಬೋರ್ಡಿಗೆ ಕರೆಂಟು ಕೊಟ್ಟು ಸೂಜಿಯನ್ನು ಕ್ರಿಸ್ಟಲ್ಲಿನ ಕಾಲಿಗೆ ತಾಗಿಸಿದಳು. "ಮಲಗಲಿಲ್ಲ ಸರ್," ಎಂದಳು. "ಓಡಾಕ ಹತ್ತೈತಿ." ರಾಯರು ಕಿಟಕಿಯ ಕಡೆ ಮುಖ ಮಾಡಿಯೇ, "ಕೃಷ್ಣಾರ್ಪಣ," ಎಂದರು. ಬೋರ್ಡನ್ನು ಬಿಸಿ ಮಾಡಿ ನೋಡುವುದು ನಾಳೆಗೆ ಎಂದು, ಪ್ರೋಬನ್ನು ಒರೆಸಿಟ್ಟು ಎದ್ದರು.

ಆದರೆ ಮರುದಿನ ಬೆಳಗ್ಗೆ ಪ್ರೋಬಿಗೆ ದೆವ್ವ ಹಿಡಿದಿತ್ತು. ಯಾವುದನ್ನೂ ಮುಟ್ಟದೆ ಮೇಜಿನ ಮೇಲೆ ಸುಮ್ಮನೆ ಇದ್ದರೂ ಗೆರೆ ತಾನೇ ತಾನಾಗಿ ಮೇಲಕ್ಕೆ ತೆವಳುತ್ತ ಪರದೆಯನ್ನೇ ಬಿಟ್ಟು ಹೋಗುತ್ತಿತ್ತು. ರಾಯರು ಬೆಸುಗೆಗಳನ್ನು ಮತ್ತೊಮ್ಮೆ ಬಿಸಿ ಮಾಡಿದರು, ಟ್ರಾನ್ಸಿಸ್ಟರು ಬದಲಿಸಿದರು, ಪ್ರತಿಸಲವೂ ಚೆನ್ನಾಗಿ ಒರೆಸಿದರು. ಒರೆಸಿದಷ್ಟೂ ಕೆಟ್ಟಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬಂದರೆ ತುಸು ವಾಸಿ. ಮತ್ತೆ ಒರೆಸಿದರೆ ಮತ್ತೆ ದೆವ್ವ.

ಅದರ ನಡುವೆ ಹೊನ್ನೂರಪ್ಪ ಫೋನು ಮಾಡಿದ. ಅವನ ದನಿ ಅಂಗಡಿಯ ತುಂಬ ಕೇಳುತ್ತಿತ್ತು.

"ಏನಮ್ಮಾ, ಎದ್ದಿತಾ ನಮ್ಮ ಮಷಿನ್?"

"ಕಾರಣ ಹುಡುಕಾಕ ಹತ್ತೀವಿ ಅಣ್ಣಾ."

"ನೀವು ಕಾರಣ ಹುಡುಕ್ರಿ, ನಾನು ಬ್ಯಾರೆ ಮಂದಿ ಹುಡುಕ್ತೀನಿ. ಸೋಮವಾರ ಭತ್ತ ಬರ್ತೈತಿ. ಭತ್ತಕ್ಕ ಕಾರಣ ಹೇಳಾಕ ಬರಂಗಿಲ್ಲ, ಚೀಲ ಬಿಚ್ಚಿದ್ರ ಉದುರ್ತೈತಿ."

ಸುಮಂಗಲಾ ಫೋನು ಇಟ್ಟಳು. ರಾಯರು ಕುರ್ಚಿಯಲ್ಲಿ ಕುಸಿದು, "ನನ್ನ ನಂಬಿ ನೀ ಕೆಟ್ಟೆ ನೋಡವಾ," ಎಂದರು. "ನಾ ಸುಮ್ಮನ ಮನ್ಯಾಗ ಕೂತಿದ್ರ ನಿನಗ ಹೊತ್ತು ಉಳೀತಿತ್ತು."

"ಕೆಟ್ಟಿಲ್ಲ, ಇನ್ನೂ ಶನಿವಾರ," ಎಂದು ಅವಳು ಪ್ರೋಬನ್ನು ಕಿಟಕಿಯ ಬೆಳಕಿಗೆ ಒಯ್ದು ಭೂತಗನ್ನಡಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಸರ್, ಇದೇನ್ರಿ ಇಲ್ಲಿ ಹಳದಿ ಬಿಳುಪು?" ಎಂದಳು.

ಟ್ರಾನ್ಸಿಸ್ಟರಿನ ಕಾಲಿನ ಸುತ್ತ ತೆಳ್ಳಗೆ ಒಂದು ಪುಡಿ ಹತ್ತಿತ್ತು. ರಾಯರು ಭೂತಗನ್ನಡಿಯೊಳಗೆ ನೋಡಿದರು. ಆಮೇಲೆ ತಮ್ಮ ಮುಂಗೈ ನೋಡಿಕೊಂಡರು. ಮುಂಗೈಯ ಮೇಲೆ ಬೆಳಗ್ಗೆ ಹಚ್ಚಿದ ಗೋಪಿಚಂದನದ ಮುದ್ರೆ ಅದೇ ಬಣ್ಣದಲ್ಲಿತ್ತು.

"ಯಾವ ಅರಿವ್ಯಾಗ ಒರಸ್ತಿದ್ರಿ?"

ರಾಯರು ಹೆಗಲ ಮೇಲಿನ ಉತ್ತರೀಯದ ಸೆರಗನ್ನು ಎತ್ತಿ ತೋರಿಸಿದರು. "ಮನ್ಯಾಗ ಇದಕ್ಕಿಂತ ಶುದ್ಧ ಅರಿವಿ ಇನ್ನೊಂದಿಲ್ಲ ಅಂತ," ಎಂದರು. ಪೂಜೆಗೆ ಹೊದೆದ ಮಡಿ ಉತ್ತರೀಯ. ದಿನವೂ ಎದೆಯ ಮುದ್ರೆಗಳನ್ನು, ಬೆವರನ್ನು, ತೀರ್ಥದ ಹನಿಯನ್ನು ಹೀರಿದ್ದು. ಆ ಟ್ರಾನ್ಸಿಸ್ಟರಿಗೋ ಕೂದಲೆಳೆಯಷ್ಟು ವಿದ್ಯುತ್ ಸೋರಿಕೆಯೂ ಸಲ್ಲದು. ಚಂದನದ ಮಣ್ಣು ಆ ತೇವವನ್ನು ಹಿಡಿದುಕೊಂಡು ಸೋರಿಕೆಗೆ ದಾರಿ ಮಾಡಿಕೊಟ್ಟಿತ್ತು.

ಸುಮಂಗಲಾ ತುಟಿ ಬಿಗಿ ಹಿಡಿದಳು. ಆದರೂ ನಗು ಬಂತು. "ಸರ್, ನಿಮ್ಮ ಮಡಿ ಇದಕ್ಕ ಮೈಲಿಗಿ."

ರಾಯರು ತಲೆ ತಗ್ಗಿಸಿದರು. ಬೇರೆ ಯಾರಾದರೂ ಅಂದಿದ್ದರೆ ಸಿಟ್ಟು ಬರುತ್ತಿತ್ತೋ ಏನೋ. ಅವರಿಗೆ ನೆನಪಾದದ್ದು ಸರಸ್ವತಿಬಾಯಿ. ತಾವು ಎಣ್ಣೆಯ ಕೈಯಲ್ಲಿ ದೇವರ ಪಾತ್ರೆ ಮುಟ್ಟಿದಾಗ, "ಒಳ್ಳೇ ಮನಸ್ಸಿಲೆ ಮುಟ್ಟಿದ್ರೂ ಮುಟ್ಟಿದ್ದು ಮುಟ್ಟಿದ್ದೇ," ಎಂದು ಬೈಯುತ್ತಿದ್ದರು.

"ಸರಿ ಹಂಗಾರ. ಇದಕ್ಕ ಮಡಿ ಮಾಡಿಸು," ಎಂದರು.

"ಮಾಡಸ್ತೀನಿ. ನೀವು ಎದ್ದು ದೂರ ನಿಲ್ರಿ. ಏನೂ ಮುಟ್ಟಬ್ಯಾಡ್ರಿ."

ರಾಯರು ಎದ್ದು ಹೋಗಿ ಅಂಗಡಿಯ ಹೊಸ್ತಿಲ ಆಚೆ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತರು. ಆ ನಿಲುವು ಅವರಿಗೆ ಹೊಸದಾಗಿರಲಿಲ್ಲ. ಸುಮಂಗಲಾ ಸ್ಪಿರಿಟ್ಟಿನಲ್ಲಿ ಮೆತ್ತಗಿನ ಬ್ರಶ್ ಅದ್ದಿ ಬೋರ್ಡನ್ನು ತೊಳೆದಳು, ಚಿಮಟದಲ್ಲಿ ಎತ್ತಿ ಹಿಡಿದು ಮತ್ತೆ ತೊಳೆದಳು. ತಲೆ ಎತ್ತದೆಯೇ ಮಾತಾಡಿದಳು.

"ಕಾಲೇಜಿದ್ದಾಗ ನಿಮ್ಮ ಮನಿಗೆ ಬಂದ್ರ ಅಮ್ಮಾರು ಚಕ್ಕುಲಿ ಮ್ಯಾಲಿಂದ ಕೈಯಾಗ ಹಾಕತಿದ್ರು."

"ನನಗೂ ಮ್ಯಾಲಿಂದನ ಹಾಕ್ತಿದ್ಲು. ಸಂಕರ್ಷಣಗೂ ಹಂಗ. ಹೊಟ್ಟ್ಯಾಗ ಹುಟ್ಟಿದ ಮಗ ಅಂತ ಬಿಡಲಿಲ್ಲ."

"ಹೌದ್ರಿ. ಆದ್ರ ಅದು ನನಗ ಆಮ್ಯಾಲೆ ಗೊತ್ತಾತು. ಮೊದಲ್ನೇ ದಿನ ಗೊತ್ತಿರಲಿಲ್ಲ."

ಕೆಳಗಿನ ಅಂಗಡಿಯಲ್ಲಿ ಯಾರೋ ಕೊಡಪಾನ ಬಾರಿಸಿ ನೋಡುತ್ತಿದ್ದರು. ಸುಮಂಗಲಾ ಉತ್ತರಕ್ಕೆ ಕಾಯಲಿಲ್ಲ. ಕೂದಲು ಒಣಗಿಸುವ ಯಂತ್ರ ಹಚ್ಚಿ ಪ್ರೋಬನ್ನು ಒಣಗಿಸಿದಳು.

ಗೆರೆ ಈಗ ತೆವಳಲಿಲ್ಲ. ಸುಮಂಗಲಾ ಸೂಜಿಯನ್ನು ಕ್ರಿಸ್ಟಲ್ಲಿಗೆ ತಾಗಿಸಿ, ಇನ್ನೊಂದು ಕೈಯಲ್ಲಿ ಬೋರ್ಡಿಗೆ ಬಿಸಿಗಾಳಿ ಹಿಡಿದಳು. "ಓಡಾಕ ಹತ್ತೈತಿ... ಓಡಾಕ ಹತ್ತೈತಿ... ಸರ್, ಸಣ್ಣದಾಗಾಕ ಹತ್ತಿತು." ಅವಳ ಎರಡು ಕೈಗಳೂ ತುಂಬಿದ್ದವು. "ನಾನು ಬಿಸಿ ಎಲ್ಲಿ ಬೀಳತೈತಿ ನೋಡಬೇಕ್ರಿ. ಗೆರಿ ನೀವು ನೋಡ್ರಿ."

ರಾಯರು ಹೊಸ್ತಿಲು ದಾಟಿದರು. ರಾಘವೇಂದ್ರಸ್ವಾಮಿಗಳನ್ನು ಮನಸ್ಸಿನಲ್ಲೇ ನೆನೆದು ಪರದೆಯ ಕಡೆ ಕಣ್ಣೆತ್ತಿದರು.

ಹಸಿರು ಅಲೆ ಕುಗ್ಗುತ್ತಿತ್ತು. ಕುಗ್ಗಿ ಕುಗ್ಗಿ ಮಲಗಿತು. ರಾಯರ ಎದೆಯಲ್ಲಿ ಆ ಏಕಾದಶಿಯ ಬೆಳಗು ಒಮ್ಮೆ ಎದ್ದು ನಿಂತಿತು. ಆದರೆ ಅವರು ಕಣ್ಣು ಮುಚ್ಚಲಿಲ್ಲ. "ಮಲಗಿತು," ಎಂದರು. ದನಿ ತಮ್ಮದೇ ಎಂದು ಅವರಿಗೆ ಅನ್ನಿಸಲಿಲ್ಲ. "ಬಿಸಿ ತೆಗಿ. ಒಂದೊಂದು ಭಾಗಕ್ಕ ಬ್ಯಾರೆ ಬ್ಯಾರೆ ಕೊಡು."

ಅವಳು ಗಾಳಿಯ ಬಾಯಿಯನ್ನು ಕಾಗದದ ಕೊಳವೆಯಿಂದ ಕಿರಿದು ಮಾಡಿದಳು. ಗೆರೆ ತಣ್ಣಗಾಗುತ್ತ ಮೆಲ್ಲಗೆ ಎದ್ದಿತು. ಬೋರ್ಡಿನ ಚಿಪ್ಪಿಗೆ ಬಿಸಿ ಕೊಟ್ಟರೆ ಗೆರೆಗೆ ಚಿಂತೆಯಿಲ್ಲ. ಕ್ರಿಸ್ಟಲ್ಲಿಗೆ ಕೊಟ್ಟರೂ ಇಲ್ಲ. ಪಕ್ಕದಲ್ಲಿ ಎಳ್ಳಿನಷ್ಟು ಗಾತ್ರದ ಒಂದು ಕೆಪಾಸಿಟರ್. ಅದಕ್ಕೆ ಬಿಸಿ ತಗುಲಿದ ಕೂಡಲೇ ಅಲೆ ಬಾಡಿತು.

"ಇದು," ಎಂದರು ರಾಯರು. "ಒಳಗ ಬಿರುಕು ಬಿಟ್ಟದ. ಬಿಸಿಗೆ ಬಾಯಿ ತೆರೀತದ. ನೀ ಮುಟ್ಟಿದ್ದಕ್ಕಲ್ಲ ಸುಮಂಗಲಾ, ಅದರ ರೋಗ ಅದರೊಳಗ ಇತ್ತು."

ಹೊಸ ಕೆಪಾಸಿಟರ್ ಬೆಸೆದು ಮತ್ತೆ ಬಿಸಿ ಹಿಡಿದಾಗ ಗೆರೆ ಕುಗ್ಗಲಿಲ್ಲ. ಸೂಜಿ ಅದನ್ನು ಮುಟ್ಟಿಕೊಂಡೇ ಇತ್ತು. ಅದು ತನ್ನ ಪಾಡಿಗೆ ಏಳುತ್ತ ಬೀಳುತ್ತ ಓಡುತ್ತಿತ್ತು. ರಾಯರು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು. ಸುಮಂಗಲಾ ಸೂಜಿಯನ್ನು ತೆಗೆಯದೆ ಹಿಡಿದುಕೊಂಡೇ ಇದ್ದಳು.

ಸೋಮವಾರ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದರು. ಗಿರಣಿಯ ಅಂಗಳದಲ್ಲಿ ಭತ್ತದ ಟ್ರ್ಯಾಕ್ಟರುಗಳು ಆಗಲೇ ಸಾಲುಗಟ್ಟಿದ್ದವು. ಹೊನ್ನೂರಪ್ಪ ತಲೆಗೆ ಟವೆಲು ಸುತ್ತಿಕೊಂಡು ಬಂದು, ರಾಯರ ಹಣೆಯ ಅಂಗಾರ ಅಕ್ಷತೆಯನ್ನು ನೋಡಿ, "ಏನಮ್ಮಾ, ಮಷಿನ್‌ಗೆ ಶಾಂತಿ ಮಾಡಸಾಕ ಸ್ವಾಮೇರನ್ನ ಕರಕೊಂಡು ಬಂದೀಯೇನು?" ಎಂದ.

"ನನ್ನ ಮೇಷ್ಟ್ರು ಅಣ್ಣಾ. ಶಾಂತಿ ಆಗಲೇ ಆಗೇತಿ."

"ಬೆಳಿಗ್ಗೆ ಎಲ್ಲಾರೂ ಸರಿ ಮಾಡ್ತಾರ. ಮಧ್ಯಾಹ್ನದ ಮಾತು ಹೇಳ್ರಿ."

"ಮಧ್ಯಾಹ್ನದ ತನಕ ಕೂಡ್ತೀವಪಾ," ಎಂದರು ರಾಯರು.

ಬೋರ್ಡು ಕೂಡಿಸಿ ಯಂತ್ರ ಚಾಲೂ ಮಾಡಿ, ಚೀಲಗಳ ಮೇಲೆ ಕುಳಿತರು. ಹೊಟ್ಟಿನ ಧೂಳು ತೇಲಿತು, ತಗಡಿನ ಮಾಡು ಕಾದಿತು. ವರದಾ ಕಟ್ಟಿಕೊಟ್ಟ ಅವಲಕ್ಕಿಯನ್ನು ಇಬ್ಬರೂ ತಿಂದರು. ಬಿಸಿಲು ನೆತ್ತಿಗೆ ಬಂತು. ಯಂತ್ರ ಮುಟ್ಟಿದರೆ ಕೈ ಸುಡುವಷ್ಟಾಯಿತು. ಹೊನ್ನೂರಪ್ಪ ಬಂದು ಎಸೆದ ಕಾಳಿನ ತಟ್ಟೆಗೆ ಕೈ ಹಾಕಿದ. ಬೊಗಸೆ ಎತ್ತಿ ಬೆಳಕಿಗೆ ಹಿಡಿದ. ಬೊಗಸೆಯಲ್ಲಿ ಕಪ್ಪು ಕಾಳು, ಕಲ್ಲು, ಮುರುಕು. ಬಿಳಿಯ ಅಕ್ಕಿಗಾಗಿ ಬೆರಳಾಡಿಸಿ ಹುಡುಕಿದ.

"ಬಾಗುಂದಿ," ಚೆನ್ನಾಗಿದೆ ಎಂದು ತೆಲುಗಿನಲ್ಲಿ ಅಂದ ಕೊನೆಗೆ. ಆಮೇಲೆ ಸುಮಂಗಲಾಳ ಕಡೆ ತಿರುಗಿ, "ನಮ್ಮ ಭಾವನ ಗಿರಣ್ಯಾಗೂ ಹಿಂಗೇ ಕಣ್ಣು ಕಾಣದ್ದೊಂದು ಐತಿ. ಹೋಗೋವಾಗ ಅದರ ಬೋರ್ಡೂ ಒಯ್ಯಮ್ಮ. ಉಳಿದವರಿಗೂ ನಾನೇ ಹೇಳ್ತೀನಿ," ಎಂದ.

ಸುಮಂಗಲಾ ತಲೆಯಾಡಿಸಿದಳು. ಯಂತ್ರದ ಹಿಂದಕ್ಕೆ ಹೋಗಿ ಮುಖ ಒರೆಸಿಕೊಂಡು ಬಂದಳು. ಧೂಳು ಎಂದು ರಾಯರೂ ಸುಮ್ಮನಾದರು.

ಹಿಂದಿರುಗುವಾಗ ದಾರಿ ತಿರುಗಿಸಿ ಕುರುಗೋಡಿಗೆ ಹೋದರು. ಹನುಮಮ್ಮ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೌದಿ ಹರಡಿಕೊಂಡು ಕುಳಿತಿದ್ದಳು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸುಮಂಗಲಾಳ ಡಿಪ್ಲೊಮಾ. ಚಹಾ ಬಂತು, ರಾಯರು ಕುಡಿದು ಲೋಟ ಕೆಳಗಿಟ್ಟ ಮೇಲೆ ಹನುಮಮ್ಮ ಕೇಳಿದಳು:

"ನನ್ನ ಸೂಜಿ ಏನ್ಮಾಡಿದ್ರಿ ಸ್ವಾಮಿ?"

ಸುಮಂಗಲಾ ಚೀಲದಿಂದ ಪ್ರೋಬ್ ತೆಗೆದು ತೋರಿಸಿದಳು. ಹನುಮಮ್ಮ ಸೂಜಿಯನ್ನು ಗುರುತು ಹಿಡಿದು, "ಅಯ್ಯ, ಬಾಲ ಕಟ್ಟಿಬಿಟ್ಟಾರ," ಎಂದಳು. "ಏನ್ ಮಾಡತೈತಿ ಇದು?"

"ಮುಟ್ತದ ಹನುಮಮ್ಮ," ಎಂದರು ರಾಯರು. "ಆದರ ಮುಟ್ಟಿಸಿಕೊಂಡಿದ್ದಕ್ಕ ಮುಟ್ಟಿದ್ದು ಗೊತ್ತಾಗೋದಿಲ್ಲ. ಹಂಗ ಮಾಡಾಕ ಭಾಳ ಕಷ್ಟಪಟ್ವಿ."

ಹನುಮಮ್ಮ ಅವರ ಹಣೆಯ ಗೆರೆಯನ್ನು, ಹೆಗಲ ಮೇಲಿನ ಉತ್ತರೀಯವನ್ನು ಒಮ್ಮೆ ನೋಡಿದಳು. "ಮುಟ್ಟದಂಗ ಇರೋದು ನಿಮ್ಮ ಮಂದಿಗೆ ಹುಟ್ಟಾ ಬರ್ತಿತ್ತಲ್ರೀ. ಅದಕ್ಕೂ ಮಷಿನ್ ಬೇಕಾತೇನು?"

"ಯವ್ವಾ," ಎಂದು ಸುಮಂಗಲಾ ತಡೆಯಲು ಹೋದಳು.

ಆದರೆ ರಾಯರು ನಕ್ಕರು. ಮೊದಲು ಎದೆಯೊಳಗೆ, ಆಮೇಲೆ ಹೆಗಲು ಕುಲುಕುವ ಹಾಗೆ. ಸರಸ್ವತಿಬಾಯಿ ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು; ಅದು ಯಾವ ನೀರೆಂದು ಅವರು ವಿಚಾರಿಸಲಿಲ್ಲ. "ಅದು ಮುಟ್ಟದ ಇರೋದು," ಎಂದರು. "ಅದು ನಮಗ ಬರ್ತಿತ್ತು, ಖರೇ. ಇದು ಮುಟ್ಟೋದು. ಭಾರ ಹಾಕದ ಮುಟ್ಟೋದು. ಅದನ್ನ ಈಗ ಕಲ್ತೀನಿ."

"ಕಲೀರಿ ಕಲೀರಿ, ವಯಸ್ಸೇನಾಗೇತಿ," ಎಂದು ಹನುಮಮ್ಮ ದಾರ ಕಚ್ಚಿದಳು.

"ಇನ್ನೊಂದು ಬೋರ್ಡು ಬಂದದ. ನಿಮ್ಮ ಮಗಳಿಗೆ ಇನ್ನೊಂದು ಪ್ರೋಬ್ ಇದ್ರ ಛಲೋ. ನಿಮ್ಮ ಕೈಯಾಗಿಂದ ಇನ್ನೊಂದು ಸೂಜಿ ಕೊಡ್ರಿ."

ಹನುಮಮ್ಮ ಡಬ್ಬಿ ತೆರೆದು, ಆರಿಸಿ, ನುಣುಪಾದ ಒಂದು ಸೂಜಿ ತೆಗೆದಳು. ರಾಯರು ಕೈ ಚಾಚಿದರು. ಅವಳು ಕೈಗೆ ಕೊಡಲಿಲ್ಲ. ಸೂಜಿಯನ್ನು ಅವರ ಮುಂದೆ ಕಟ್ಟೆಯ ಕಲ್ಲಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ರಾಯರ ಮುಖ ಬಾಡಿತು.

"ಸೂಜಿ ಕೈಯಿಂದ ಕೈಗೆ ಕೊಡಬಾರದ್ರಿ, ಜಗಳ ಹತ್ತತಾವು," ಎಂದಳು ಹನುಮಮ್ಮ, ತನ್ನ ಹೊಲಿಗೆಯಿಂದ ಕಣ್ಣೆತ್ತದೆ. "ನನ್ನ ಮಗಳಿಗೂ ಹಂಗೇ ಇಟ್ಟು ಕೊಡ್ತೀನಿ."

ರಾಯರು ಸುಮಂಗಲಾಳನ್ನು ನೋಡಿದರು. ಅವಳು ಆಗಲೇ ಅವರನ್ನು ನೋಡುತ್ತಿದ್ದಳು.

"ಮೊದಲ್ನೇ ದಿನ ಗೊತ್ತಾಗಂಗಿಲ್ಲ, ಅಲ್ಲೇನವಾ," ಎಂದರು ಮೆಲ್ಲಗೆ.

"ಇಲ್ರಿ ಸರ್. ಆಮ್ಯಾಲೆ ಗೊತ್ತಾಗತೈತಿ."

ರಾಯರು ಬಾಗಿ ಸೂಜಿಯನ್ನು ಎತ್ತಿಕೊಂಡರು. ಅಭ್ಯಾಸದಂತೆ ಉತ್ತರೀಯದ ಸೆರಗಿಗೆ ಚುಚ್ಚಿಕೊಳ್ಳಲು ಹೋದವರು ಕೈ ತಡೆದರು. ಬಳ್ಳಾರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಹನುಮಮ್ಮ," ಎಂದರು, "ಒಂದು ಶುದ್ಧ ಅರಿವಿ ಚೂರು ಕೊಡ್ರಿ. ನನ್ನದು ನಡೆಯೋದಿಲ್ಲ."